ಐನೂರೈವತ್ತು ಫ್ರೇಮುಗಳು

ಘಟನೆಗಳು ನಡೆದ ಕ್ರಮ ಇಷ್ಟು. ಜನವರಿ ಹತ್ತೊಂಬತ್ತು, ರವಿವಾರ, ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಬ್ಯಾಡಗಿಯ ಹಾಲೇಶಪ್ಪನವರ ಮೆಣಸಿನಕಾಯಿ ಕಣದಲ್ಲಿ ಹನ್ನೊಂದು ಸೆಕೆಂಡಿನ ಒಂದು ದೃಶ್ಯದ ಚಿತ್ರೀಕರಣವಾಯಿತು. ಫೆಬ್ರುವರಿ ಇಪ್ಪತ್ನಾಲ್ಕು, ಸೋಮವಾರ, ಆ ದೃಶ್ಯದಲ್ಲಿ ಹಸಿರು ಸೀರೆಯುಟ್ಟು ನಿಂತಿದ್ದ ನಾಗರತ್ನಾಳ ಹೊಟ್ಟೆಯೊಳಗಿನ ಎಂಟು ತಿಂಗಳ ಕೂಸಿನ ಎದೆಬಡಿತ ಕೇಳಿಸುತ್ತಿಲ್ಲವೆಂದು ಹಾವೇರಿಯ ಆಸ್ಪತ್ರೆಯೊಂದರಲ್ಲಿ ವೈದ್ಯರು ತಿಳಿಸಿದರು. ಮಾರ್ಚ್ ಒಂಬತ್ತು, ರವಿವಾರ, ಆಕೆಯ ಅತ್ತೆ ದೇವವ್ವ ಆ ಸೀರೆ, ಅದರ ಜೊತೆ ತೊಟ್ಟಿದ್ದ ಹಸಿರು ಬಳೆ ಮತ್ತು ಆಸ್ಪತ್ರೆಯ ಕಾಗದಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಐರಣಿಗೆ ಒಯ್ದು ತುಂಗಭದ್ರೆಗೆ ಬಿಟ್ಟು ಬಂದಳು. ಏಪ್ರಿಲ್ ಒಂಬತ್ತು, ಬುಧವಾರ, ಹಾಲೇಶಪ್ಪನವರ ಫೋನು ಬಂತು. ಅದೇ ದಿನ, ಬರುವ ಶನಿವಾರ, ಏಪ್ರಿಲ್ ಹನ್ನೆರಡರ ಸಂಜೆ ಐದು ಗಂಟೆಗೆ ಆ ಹನ್ನೊಂದು ಸೆಕೆಂಡುಗಳ ಮೂಲಪ್ರತಿಯನ್ನು ಅಳಿಸಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಅಳಿಸಲು ಉಳಿದಿದ್ದುದು ಅದೊಂದೇ. ಕೂಸಿಗೆ ಹೆಸರಿಟ್ಟಿರಲಿಲ್ಲ, ಅದರ ಫೋಟೊ ತೆಗೆದಿರಲಿಲ್ಲ, ಹೆತ್ತವಳು ಅದರ ಮುಖವನ್ನೂ ನೋಡಿರಲಿಲ್ಲ. ಕುಬಸದ, ಎಂದರೆ ಸೀಮಂತದ, ದಿನ ಬೆಳಿಗ್ಗೆ ಮನೆಯಲ್ಲಿ ಉಡಿ ತುಂಬಿದ ವಿಡಿಯೊವನ್ನು ಅವಳ ಗಂಡ ಹನುಮೇಶ ಮಾರ್ಚಿನಲ್ಲಿಯೇ ಅಳಿಸಿದ್ದ. ಕಣದ ದೃಶ್ಯ ಮಾತ್ರ ಹಾಲೇಶಪ್ಪನವರಿಗೆ ಕೊಡಬೇಕಾದದ್ದು ಎಂಬ ಕಾರಣಕ್ಕೆ ಬದುಕಿತ್ತು. ಕಣವನ್ನು ಬಿಟ್ಟುಕೊಟ್ಟಿದ್ದಕ್ಕೆ ಪ್ರತಿಯಾಗಿ ಆ ದೃಶ್ಯವನ್ನು ಅವರ ಖಾರದಪುಡಿಯ ಜಾಹೀರಾತಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು.

ಹನುಮೇಶನ ಸ್ಟುಡಿಯೊ ರಾಣೆಬೆನ್ನೂರಿನಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲಿಯೇ ಇತ್ತು. ಕ್ಯಾಮೆರಾ ಹಿಡಿದು ಊರೂರು ಸುತ್ತುವುದು ಅವನ ಕೆಲಸ. ತಂದದ್ದನ್ನು ಕೂಡಿಸಿ, ಕತ್ತರಿಸಿ, ಬಣ್ಣ ತಿದ್ದುವುದು ನಾಗರತ್ನಾಳ ಕೆಲಸ. ಅವಳು ಭೌತಶಾಸ್ತ್ರ ಓದಿದ ಪದವೀಧರೆ. ಮದುವೆ ಮನೆಯ ವಿಡಿಯೊ ತಿದ್ದಲು ಬೆಳಕಿನ ಶಾಸ್ತ್ರ ಓದಬೇಕೇ ಎಂದು ನೆಂಟರು ನಕ್ಕಿದ್ದರು. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಕಲ್ಯಾಣಮಂಟಪಗಳಲ್ಲಿ ನೇರಳೆ ದೀಪದ ಕೆಳಗೆ ರೋಗಿಷ್ಠರಂತೆ ಕಂಡ ವಧೂವರರೆಲ್ಲ ಅವಳ ಕೈಯಲ್ಲಿ ಮತ್ತೆ ಮನುಷ್ಯರ ಬಣ್ಣಕ್ಕೆ ಬರುತ್ತಿದ್ದರು. ಅವಳು ಕಂಡುಕೊಂಡಿದ್ದ ನಿಯಮ ಸರಳವಾದದ್ದು: ಕಣ್ಣು ಬಣ್ಣವನ್ನು ಹುಡುಕುವುದಿಲ್ಲ, ವ್ಯತ್ಯಾಸವನ್ನು ಹುಡುಕುತ್ತದೆ. ಎಲ್ಲರೂ ಜರಿ ಸೀರೆಯುಟ್ಟ ಮಂಟಪದಲ್ಲಿ ಮದುಮಗಳು ಕಳೆದುಹೋಗುತ್ತಾಳೆ. ಮೂಲೆಯಲ್ಲಿ ಬಿಳಿ ರುಮಾಲು ಸುತ್ತಿ ಕುಳಿತ ಮುದುಕನೊಬ್ಬ ಇಡೀ ಚಿತ್ರವನ್ನು ಕಸಿದುಕೊಳ್ಳುತ್ತಾನೆ. ಕೆಂಪಿಗೆ ಅತಿ ದೊಡ್ಡ ವ್ಯತ್ಯಾಸ ಬಣ್ಣದ ಚಕ್ರದಲ್ಲಿ ಕೆಂಪಿನ ಎದುರಿಗಿರುವ ಹಸಿರು. ಅವೆರಡೂ ತಾಗುವ ಗೆರೆಯ ಮೇಲೆ ಕಣ್ಣು ನಿಲ್ಲಲಾರದೆ ನಡುಗುತ್ತದೆ.

ಆದ್ದರಿಂದಲೇ ಅವಳು ಕುಬಸದ ಸೀರೆಯ ವಿಷಯದಲ್ಲಿ ತಾಯಿಯ ಮಾತು ಕೇಳಲಿಲ್ಲ.

ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತೊಡಿಸಿ ಉಡಿ ತುಂಬುವುದು ಎಲ್ಲರ ಮನೆಯ ಪದ್ಧತಿ, ಮತ್ತು ಆ ಸೀರೆ ತವರಿನಿಂದ ಬರಬೇಕು. ಮೋಟೆಬೆನ್ನೂರಿನಿಂದ ತಾಯಿ ಭರಮವ್ವ ತಂದದ್ದು ಕಪ್ಪಿಗೆ ತಿರುಗಿದ ಹಸಿರಿನ ಇಳಕಲ್ ಸೀರೆ, ಸೆರಗು ಕೆಂಪು. ಮೆಣಸಿನಕಾಯಿಯ ನಡುವೆ ಆ ಕೆಂಪು ಸೆರಗು ಕರಗಿಹೋಗುತ್ತದೆ, ಅಷ್ಟು ದಟ್ಟವಾದ ಹಸಿರು ಮಡಿಕೆಗಳನ್ನೆಲ್ಲ ನುಂಗುತ್ತದೆ ಎಂದು ನಾಗರತ್ನಾ ಲೆಕ್ಕ ಒಪ್ಪಿಸಿದಳು. ಅವಳಾಗಲೇ ಹಿಡಿ ಮೆಣಸಿನಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಹಾವೇರಿಯ ಸೀರೆ ಅಂಗಡಿಗೆ ಹೋಗಿ ಬಂದಿದ್ದಳು. ಹಾಸಿದ ಪ್ರತಿ ಹಸಿರು ಸೀರೆಯ ಮೇಲೂ ನಾಲ್ಕು ಕಾಯಿ ಇಟ್ಟು ಫೋನಿನಲ್ಲಿ ಬಣ್ಣವಿಲ್ಲದ ಚಿತ್ರ ತೆಗೆದು, ಕಾಯಿಯ ಹೊಳಪೂ ಸೀರೆಯ ಹೊಳಪೂ ಸರಿಸಮವಾಗುವ ತನಕ ನೋಡಿದ್ದಳು. ಹೊಳಪು ಸಮವಾಗಿ ಬಣ್ಣ ಮಾತ್ರ ಎದುರಾದರೆ ಅಂಚಿನ ನಡುಕ ಅತಿ ಹೆಚ್ಚು. ಸೀರೆ ತಗೊಳ್ಳಾಕ ಬಂದೀರೊ, ಚಟ್ನಿ ಅರಿಯಾಕ ಬಂದೀರೊ ಎಂದು ಅಂಗಡಿಯವರು ಕೇಳಿದ್ದರು. ಕೊನೆಗೆ ಆರಿಸಿದ್ದು ಬೇವಿನೆಲೆಯ ಬಣ್ಣದ, ಅಂಚೂ ಇಲ್ಲದ ಬೋಳು ಸೀರೆ.

“ಅಂಚಿಲ್ಲದ ಸೀರಿ ಉಟಗೊಂಡು ಯಾರರ ಉಡಿ ತುಂಬಿಸ್ಕೊಂತಾರೇನವಾ?” ಎಂದಿದ್ದಳು ಭರಮವ್ವ. “ನಿನ್ನ ಕ್ಯಾಮರಾಕ್ಕ ಬೇಕಾಗಿದ್ರ ಕ್ಯಾಮರಾಕ್ಕ ಉಡಸು.”

ಮಗಳು ನಕ್ಕಳು. ತಾಯಿ ಇಳಕಲ್ ಸೀರೆಯನ್ನು ಮಡಿಕೆ ಕೆಡದಂತೆ ಮತ್ತೆ ಚೀಲಕ್ಕೆ ಸೇರಿಸಿದಳು. ಬೆಳಗಿನ ಕಾರ್ಯವೂ ಮಧ್ಯಾಹ್ನದ ಚಿತ್ರೀಕರಣವೂ ಆ ಬೋಳು ಸೀರೆಯಲ್ಲಿಯೇ ಆದವು.

ಕಣದಲ್ಲಿ ಕಾಲಿಡಲು ಜಾಗವಿರದಂತೆ ಕಾಯಿ ಹರವಿತ್ತು. ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಡಿಸಿದ್ದರು. ಘಾಟಿಗೆ ಬಸುರಿ ಸೀನಬಾರದೆಂದು ಹಾಲೇಶಪ್ಪನವರು ತಾವೇ ಒದ್ದೆ ಕರವಸ್ತ್ರ ತಂದುಕೊಟ್ಟರು.

“ಬಣ್ಣ ನೋಡಿ ಅಂಜಬ್ಯಾಡ ತಂಗಿ,” ಎಂದರು. “ಬ್ಯಾಡಗಿ ಕಾಯಿ ಬ್ಯಾಡಗಿ ಮಂದಿ ಇದ್ದಂಗ. ಕೆಂಪು ಬಾಳ, ಖಾರ ಕಡಿಮಿ.”

ದೃಶ್ಯದ ಯೋಜನೆ ನಾಗರತ್ನಾಳದೇ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗದೆ ನಿಲ್ಲಬೇಕು. ಸೆಕೆಂಡಿಗೆ ಐವತ್ತು ಫ್ರೇಮು. ಅವಳು ದೂರದಿಂದ ಬರಿಗಾಲಲ್ಲಿ ನಡೆದು ಬಂದು ಏಳನೆಯ ಸೆಕೆಂಡಿಗೆ ನಿಲ್ಲಬೇಕು, ಪಕ್ಕಕ್ಕೆ ಹೊರಳಿ, ಕ್ಯಾಮೆರಾದ ಎಡಕ್ಕೆ ಇಳಿಯುತ್ತಿದ್ದ ಬಿಸಿಲಿಗೆ ಮುಖ ಕೊಟ್ಟು, ಕೈ ಇಳಿಬಿಟ್ಟು ನಾಲ್ಕು ಸೆಕೆಂಡು ಅಲ್ಲಾಡದೆ ನಿಂತಿರಬೇಕು. ಅವಳು ಅಂತೆಯೇ ಬಂದಳು, ಅಂತೆಯೇ ನಿಂತಳು. ನಿಂತ ಮೇಲೆ ಅವಳ ಬಲಗೈ ತಾನಾಗಿ ಹೊಟ್ಟೆಯ ಮೇಲೆ ಬಂತು.

ಕೈ ಯಾಕ ಎತ್ತಿದಿ, ಫ್ರೇಮ್ ಕೆಡಿಸಿದಿ ಎಂದು ಹನುಮೇಶ ಕ್ಯಾಮೆರಾದ ಹಿಂದಿನಿಂದ ಕೇಳಿದ. ಒಳಗಿಂದ ಒದೀತು ಎಂದು ಅವಳು ಹೇಳಿದಳು. ಇನ್ನೂ ಹುಟ್ಟಿಲ್ಲ, ಆಗಲೇ ಡೈರೆಕ್ಟರ್ ಮಾತು ಕೇಳವಲ್ದು ಎಂದು ಅವನು ನಕ್ಕ. ಮತ್ತೊಮ್ಮೆ ತೆಗೆಯೋಣವೆಂದರೆ ಅಷ್ಟರಲ್ಲಿ ಬಿಸಿಲು ಗೋದಾಮಿನ ಹಿಂದೆ ಸರಿದಿತ್ತು. ಇದ್ದದ್ದು ಆ ಒಂದೇ ಟೇಕು.

ಐದು ವಾರಗಳ ಬಳಿಕ ಹಾವೇರಿಯ ಆಸ್ಪತ್ರೆಯಲ್ಲಿ ಎಲ್ಲ ಮುಗಿದ ಮೇಲೆ, ಕುಲ್ಸುಮಬಿ ಎಂಬ ವಯಸ್ಸಾದ ನರ್ಸು ಬಟ್ಟೆಯಲ್ಲಿ ಸುತ್ತಿದ್ದನ್ನು ಎದೆಗೊತ್ತಿ ಹಿಡಿದು ಮಂಚದ ಬಳಿ ಬಂದಳು. ಒಂದ ಸಲ ನೋಡಿಬಿಡವಾ, ಆಮ್ಯಾಲೆ ನೋಡಬೇಕಂದ್ರ ಸಿಗಂಗಿಲ್ಲ ಎಂದಳು. ಬಾಗಿಲಲ್ಲಿದ್ದ ದೇವವ್ವ ಬೇಡವೆಂದಳು. ನೋಡಿದರೆ ಆ ಮುಖ ಜೀವಮಾನವಿಡೀ ಬೆನ್ನು ಹತ್ತುತ್ತದೆ ಎಂದಳು. ನಾಗರತ್ನಾ ಗೋಡೆಯತ್ತ ಹೊರಳಿದಳು. ಗೋಡೆಗೆ ಹೊಡೆದಿದ್ದ ಬಣ್ಣದಲ್ಲಿ ನೀಲಿಯ ಪಾಲೆಷ್ಟು, ಹಸಿರಿನ ಪಾಲೆಷ್ಟು ಎಂದು ಅಂದಾಜು ಮಾಡುತ್ತಿದ್ದಳು. ಸುಮ್ಮನಿದ್ದುದನ್ನು ಒಪ್ಪಿಗೆಯೆಂದು ತಿಳಿದು ಕುಲ್ಸುಮಬಿ ಹೊರಟುಹೋದಳು. ಕೂಸು ಹೆಣ್ಣು ಎಂಬುದು ನಾಗರತ್ನಾಳಿಗೆ ತಿಳಿದದ್ದು ಆಸ್ಪತ್ರೆಯ ಕಾಗದದಿಂದ.

ಅವಳು ಅಳಲಿಲ್ಲ. ಇದೇ ದೇವವ್ವನಿಗೆ ದೊಡ್ಡ ಚಿಂತೆಯಾಗಿತ್ತು. ಅತ್ತು ಹಗುರಾಗು ಎಂದು ಹೇಳಿದಳು, ಬೈದಳು, ಭರಮವ್ವನನ್ನು ಮೋಟೆಬೆನ್ನೂರಿನಿಂದ ಕರೆಸಿ ಎಂಟು ದಿನ ಇರಿಸಿಕೊಂಡಳು. ಆ ಎಂಟು ದಿನಗಳಲ್ಲಿ ಭರಮವ್ವ ಸೀರೆಯ ಮಾತನ್ನು ಎತ್ತಲಿಲ್ಲ. ಎತ್ತದೆ ಇದ್ದಾಳೆಂಬುದು ಮನೆಯ ಎಲ್ಲರಿಗೂ ಗೊತ್ತಾಗುತ್ತಿತ್ತು. ಮೂರನೆಯ ವಾರಕ್ಕೆ ನಾಗರತ್ನಾ ಮಾನಿಟರಿನ ಮುಂದೆ ಕುಳಿತಳು. ಕೆಲಸದಲ್ಲಿ ತಪ್ಪಾಗಲಿಲ್ಲ. ಅರಿಷಿಣ ಹಚ್ಚುವ ದೃಶ್ಯದ ಹಳದಿ, ಕುಂಕುಮದ ಕೆಂಪು, ಎಲ್ಲವೂ ಇರಬೇಕಾದ ಅಂಕಿಗೆ ಬಂದು ನಿಲ್ಲುತ್ತಿದ್ದವು. ಆದರೆ ಅವು ಅಂಕಿಗಳಾಗಿಯೇ ಉಳಿಯುತ್ತಿದ್ದವು. ಸಾರಿಗೆ ಉಪ್ಪು ಹೆಚ್ಚಾದಾಗ ಉಪ್ಪು ಹೆಚ್ಚಾಗಿದೆಯೆಂದು ಅವಳಿಗೆ ತಿಳಿಯುತ್ತಿತ್ತು, ಉಪ್ಪೆನಿಸುತ್ತಿರಲಿಲ್ಲ. ಹಾಗೆ.

ಏಪ್ರಿಲ್ ಒಂಬತ್ತರಂದು ಹಾಲೇಶಪ್ಪನವರು ಫೋನು ಮಾಡಿದಾಗ ಹನುಮೇಶ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಅವರು ಬಹಳ ಹೊತ್ತು ಪೇಟೆಯ ಸುದ್ದಿ ಮಾತಾಡಿದರು. ಕಾಯಿಯೆಲ್ಲ ಕೋಲ್ಡ್ ಸ್ಟೋರೇಜ್ ಸೇರಿ ಕಣ ಖಾಲಿಯಾಗಿದೆ ಎಂದರು. ಪುಡಿಯ ಪ್ಯಾಕೆಟ್ಟು ಮುಂದಿನ ವಾರ ಮಾರಾಟಕ್ಕೆ ಬರುತ್ತದೆ, ಜಾಹೀರಾತು ಶುಕ್ರವಾರದೊಳಗೆ ಬೇಕು ಎಂದರು. ಆಮೇಲೆ ದನಿ ಇಳಿಸಿದರು.

“ತಂಗಿ, ಕೇಳಬಾರದು, ಆದ್ರೂ ಕೇಳಾಕತ್ತೇನಿ. ಹಸಿರು ಸೀರಿ, ಮ್ಯಾಲೆ ಹೊಟ್ಟಿ. ಇದು ಕುಬಸ ಅಂತ ನಮ್ಮ ಹಾವೇರಿ ಜಿಲ್ಲಾದಾಗ ಕುರುಡನೂ ಹೇಳ್ತಾನ. ನಡದದ್ದು ನಾಕ ಮಂದಿಗೆ ಗೊತ್ತೈತಿ. ಹೊಸಾ ಮಾಲು... ನಮ್ಮ ಮನ್ಯಾಗ ಹೆಣ್ಣುಮಕ್ಕಳು ಒಪ್ಪವಲ್ರು.”

ಅವರು ಕೇಳಿದ್ದು ಎರಡು ತಿದ್ದುಪಡಿ: ಸೀರೆಯ ಬಣ್ಣ ಬದಲಾಗಬೇಕು, ಹೊಟ್ಟೆ ಕಾಣಬಾರದು. ಹನುಮೇಶ ಹೆಂಡತಿಯ ಮುಖ ನೋಡಿದ. ಆಗುತ್ತದೆಂದು ನಾಗರತ್ನಾ ಹೇಳಿದಳು. ಯಾವ ಬಣ್ಣ ಬೇಕೆಂದು ಕೇಳಿದಳು. ಹಾಲೇಶಪ್ಪನವರಿಗೆ ಆ ಪ್ರಶ್ನೆ ಬರುವ ನಿರೀಕ್ಷೆ ಇರಲಿಲ್ಲವೆಂದು ತೋರುತ್ತದೆ; ಯಾವುದರ ಆಗಲಿ ತಂಗಿ, ನಿನಗ ಚಲೋ ಕಂಡದ್ದು ಎಂದರು.

ಆ ಸಂಜೆ ಊಟದ ಹೊತ್ತಿನಲ್ಲಿ ಉಳಿದ ತೀರ್ಮಾನವೂ ಆಯಿತು. ಜಾಹೀರಾತು ಕೊಟ್ಟ ಮೇಲೆ ಮೂಲವನ್ನು ಅದಿದ್ದ ಎರಡೂ ಡಿಸ್ಕಿನಿಂದ ತೆಗೆದುಬಿಡಬೇಕೆಂದು ದೇವವ್ವ ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತ, ಗಾಯದ ಮ್ಯಾಲಿನ ಹಕ್ಕಳಿ ಕೆದರಕೋತ ಕುಂತ್ರ ಗಾಯ ಮಾಯಂಗಿಲ್ಲ ಎಂದಳು. ಹನುಮೇಶ ತಲೆದೂಗಿದ. ಶನಿವಾರ ಹಾವೇರಿಯಲ್ಲಿ ನಿಶ್ಚಿತಾರ್ಥದ ಚಿತ್ರೀಕರಣ ಮುಗಿಸಿ ಬಂದು ತಾನೇ ಅಳಿಸುವೆನೆಂದ. ನಾಗರತ್ನಾ ಹ್ಞೂಂ ಎಂದಳು. ಹಾಕಿದ್ದನ್ನೆಲ್ಲ ಉಂಡಳು.

ಗುರುವಾರ ಅವಳು ಸೀರೆಯ ಬಣ್ಣ ಬದಲಿಸಿದಳು. ಚಿತ್ರದಲ್ಲಿರುವ ಹಸಿರನ್ನೆಲ್ಲ ಆರಿಸಿಕೊಂಡು ಅದನ್ನಷ್ಟೇ ಬಣ್ಣದ ಚಕ್ರದಲ್ಲಿ ಸರಿಸುವ ಕೆಲಸ. ಅಭ್ಯಾಸವಿದ್ದವರಿಗೆ ಹತ್ತು ನಿಮಿಷದ್ದು. ಆದರೆ ಆರಿಸಿದ ಹಸಿರಿನ ಜೊತೆಗೆ ಬಳೆಗಳೂ ಬಂದವು, ಅಲ್ಲಲ್ಲಿ ಇನ್ನೂ ಒಣಗದ ಮೆಣಸಿನಕಾಯಿಯ ತೊಟ್ಟುಗಳೂ ಬಂದವು. ತೊಟ್ಟುಗಳನ್ನು ಒಂದೊಂದಾಗಿ ಬಿಡಿಸಿದಳು. ಸೀರೆ ನೀಲಿಯಾಯಿತು. ಕೆಂಪಿನ ನಡುವೆ ನೀಲಿ ತಣ್ಣಗೆ, ದೂರದಲ್ಲಿ ನಿಂತಂತೆ ಕಾಣುತ್ತಿತ್ತು. ಅಂಚಿನ ನಡುಕ ಹೋಗಿತ್ತು. ಚೌಕಟ್ಟನ್ನು ಎದೆಯ ಕೆಳಗೆ ಕತ್ತರಿಸಿದಳು. ಈಗ ಅದು ಯಾರೋ ಒಬ್ಬ ಹೆಂಗಸು ನೀಲಿ ಸೀರೆಯುಟ್ಟು ಮೆಣಸಿನಕಾಯಿಯ ನಡುವೆ ನಡೆದು ಬರುವ ದೃಶ್ಯವಾಗಿತ್ತು. ಶುಕ್ರವಾರ ಬೆಳಿಗ್ಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಹಾಲೇಶಪ್ಪನವರು ಮೆಚ್ಚಿಗೆ ತಿಳಿಸಿದರು. ತಮ್ಮ ಮನೆಯವರಿಗೆ ಗುರುತೇ ಸಿಗಲಿಲ್ಲವೆಂದರು. ಹೇಳಿದ ಮೇಲೆ ಅದು ಹೇಗೆ ಕೇಳಿಸಿತೋ ಎಂದು ಅಳುಕಿದವರಂತೆ, ಒಳ್ಳೇದಾಗಲಿ ತಂಗಿ ಎಂದು ಎರಡು ಸಲ ಹೇಳಿ ಫೋನಿಟ್ಟರು.

ಗುರುತು ಸಿಗಲಿಲ್ಲ ಎಂಬ ಮಾತು ನಾಗರತ್ನಾಳಲ್ಲಿ ನೋವನ್ನು ಹುಟ್ಟಿಸಲಿಲ್ಲ. ಅದು ಹುಟ್ಟಿಸಿದ್ದು ಒಂದು ಪ್ರಶ್ನೆಯನ್ನು. ಆ ಹನ್ನೊಂದು ಸೆಕೆಂಡುಗಳಲ್ಲಿ ಎಷ್ಟು ಜನರಿದ್ದಾರೆ?

ಕೂಸು ಒದ್ದದ್ದು ಅವಳ ನೆನಪಿನಲ್ಲಿತ್ತು. ಹನುಮೇಶನ ನೆನಪಿನಲ್ಲಿ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವನು ಕ್ಯಾಮೆರಾದ ಬ್ಯಾಟರಿಗಳನ್ನು ಜೋಡಿಸಿಡುತ್ತಿದ್ದಾಗ ಅವಳು ಕೇಳಿದಳು. ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ. ಬಿಸಿಲು ಹೋಗುತ್ತಿದ್ದ ಅವಸರ ನೆನಪಿದೆ, ಕೈ ಎತ್ತಿದ್ದಕ್ಕೆ ತಾನು ರೇಗಿದ್ದು ನೆನಪಿದೆ, ಅದಕ್ಕಿಂತ ಹೆಚ್ಚಿಗೆ ಇಲ್ಲ ಎಂದ.

“ನಾ ಹೇಳಿದ್ದೆ. ನೀ ನಕ್ಕಿದ್ದಿ.”

“ನಕ್ಕಿರಬೇಕು,” ಎಂದ ಹನುಮೇಶ. “ಖರೇ ಹೇಳ್ತೇನಿ ರತ್ನಾ, ನೆನಪಿಲ್ಲ ನನಗ. ಮರೀಬೇಕು ಮರೀಬೇಕು ಅಂತ ಏನೇನ್ ಮರತೇನೊ.”

ಅವಳು ಅವನ ಕೈಯಲ್ಲಿದ್ದ ಬ್ಯಾಟರಿಯನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಆಮೇಲೆ, ಪ್ರಯೋಗಶಾಲೆಯಲ್ಲಿ ಪ್ರಯೋಗದ ಉದ್ದೇಶವನ್ನು ಓದಿ ಹೇಳುವಂತೆ ಹೇಳಿದಳು.

“ನಾಳೆ ನೀ ಬರೂತನಕ ನಾ ಅದನ್ನ ಒಂದ ಸಲ ನೋಡ್ತೇನಿ. ಅದ್ರಾಗ ಕೂಸು ಅಲುಗಿದ್ದು ಇದ್ರ, ಅದು ಕೂಸಿನ ವಿಡಿಯೊ. ಅಳಿಸಬ್ಯಾಡ. ಇಲ್ಲಂದ್ರ ಅದು ಬರೇ ಮೆಣಸಿನ್ಕಾಯಿ ಜಾಹೀರಾತು. ನಾನ ಅಳಿಸ್ತೇನಿ.”

“ಕಾಣಲಿಲ್ಲಂದ್ರ?”

“ಕಾಣಲಿಲ್ಲ ಅಂತನ ಹೇಳ್ತೇನಿ. ನಿನಗ ಸುಳ್ಳು ಹೇಳಿ ನಾ ಏನ್ ಮಾಡ್ಲಿ?”

ಅವನು ಒಪ್ಪಿದ. ತಾಯಿಗೆ ತಾನೇ ಹೇಳುವೆನೆಂದ.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾಗರತ್ನಾ ಬಾಗಿಲು ಮುಂದೆ ಮಾಡಿ, ಕಿಟಕಿಯ ಪರದೆ ಎಳೆದು ಕುಳಿತಳು. ಹನ್ನೊಂದು ಸೆಕೆಂಡು, ಐನೂರೈವತ್ತು ಫ್ರೇಮು. ಮೊದಲಿನ ಮುನ್ನೂರೈವತ್ತರಲ್ಲಿ ಅವಳು ನಡೆಯುತ್ತಿದ್ದಾಳೆ. ನಡೆಯುವಾಗ ಸೀರೆಯೆಲ್ಲ ಅಲುಗುವುದರಿಂದ ಅವು ಪ್ರಯೋಜನವಿಲ್ಲ. ನೋಡಬೇಕಾದದ್ದು ಮುನ್ನೂರೈವತ್ತೊಂದರಿಂದ ಮುಂದಿನ ಇನ್ನೂರನ್ನು ಮಾತ್ರ.

ಮೊದಲು ತೆರೆದದ್ದು ಜನವರಿಯಲ್ಲಿ ಅವಳೇ ಬಣ್ಣ ತಿದ್ದಿದ್ದ ಪ್ರತಿಯನ್ನು. ಆಗ ಅವಳು ಬಹಳ ಹೆಮ್ಮೆಯಿಂದ ತಿದ್ದಿದ್ದಳು. ಕೆಂಪು ಉರಿಯುತ್ತಿತ್ತು, ಹಸಿರು ಉಕ್ಕುತ್ತಿತ್ತು. ಕಣ್ಣು ಸೀರೆಯೊಳಕ್ಕೆ ಇಳಿಯದೆ ಅಂಚಿನಲ್ಲೇ ಜಾರುತ್ತಿತ್ತು. ಒಂದೊಂದೇ ಫ್ರೇಮು ಸರಿಸಿ ಇನ್ನೂರನ್ನೂ ನೋಡಿದಳು; ಏನೂ ಕಾಣಲಿಲ್ಲ. ಕಾರಣ ಹುಡುಕಲು ತಡವಾಗಲಿಲ್ಲ. ಹಸಿರನ್ನು ಎದ್ದು ಕಾಣಿಸಲೆಂದು ಬಣ್ಣವನ್ನು ಮಿತಿಮೀರಿ ಏರಿಸಿದ್ದರಿಂದ ಸೀರೆಯ ಒಳಗಿನ ತಿಳಿ ಹಸಿರು, ಕಡು ಹಸಿರುಗಳೆಲ್ಲ ಒಂದೇ ಆಗಿ, ಮಡಿಕೆಗಳು ಸತ್ತು, ಹೆಂಗಸಿನ ಆಕಾರದ ಹಸಿರು ಕಾಗದವೊಂದನ್ನು ಕತ್ತರಿಸಿ ಅಂಟಿಸಿದಂತಾಗಿತ್ತು. ಹೊರಗಿನ ವ್ಯತ್ಯಾಸವನ್ನು ಹೆಚ್ಚಿಸಲು ಹೋಗಿ ಒಳಗಿನ ವ್ಯತ್ಯಾಸವನ್ನು ಅವಳು ತನ್ನ ಕೈಯಾರೆ ಅಳಿಸಿದ್ದಳು.

ಎರಡನೆಯದಾಗಿ ಮೂಲಪ್ರತಿಯನ್ನು ತೆರೆದಳು. ಕ್ಯಾಮೆರಾದಿಂದ ಬಂದಂತೆಯೇ ಇದ್ದ, ತಿದ್ದದ, ಮಂಕು ಬಣ್ಣದ ಚಿತ್ರ. ಅದರಲ್ಲಿ ಮಡಿಕೆಗಳಿದ್ದವು. ಆದರೆ ಇಲ್ಲಿಯೂ ಕೆಂಪು ಹಸಿರಿನ ಗೆರೆ ಕಣ್ಣನ್ನು ಎಳೆಯುತ್ತಲೇ ಇತ್ತು. ಹೊಟ್ಟೆಯ ಮೇಲಿನ ಒಂದು ಮಡಿಕೆಯ ಮೇಲೆ ದೃಷ್ಟಿ ನೆಟ್ಟರೆ ನಾಲ್ಕು ಫ್ರೇಮು ಕಳೆಯುವಷ್ಟರಲ್ಲಿ ಅದು ಅಂಚಿಗೆ ಓಡುತ್ತಿತ್ತು. ಅಂಗಡಿಯಲ್ಲಿ ಕಾಯಿ ಹರವಿ ಆರಿಸಿದ ಸೀರೆ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು.

ಹನ್ನೊಂದೂವರೆಗೆ ಅವಳು ಬಣ್ಣವನ್ನು ಪೂರ್ತಿಯಾಗಿ ತೆಗೆದಳು.

ಏನಾಗುವುದೆಂದು ಅವಳಿಗೆ ಗೊತ್ತಿತ್ತು. ಸೀರೆಯ ಹೊಳಪೂ ಮೆಣಸಿನಕಾಯಿಯ ಹೊಳಪೂ ಸಮವೆಂದು ಅಳೆದು ನೋಡಿ ಕೊಂಡವಳು ಅವಳೇ. ಗೊತ್ತಿದ್ದದ್ದು ಬೇರೆ, ಕಂಡದ್ದು ಬೇರೆ. ಕೆಂಪು ಹೋಯಿತು, ಹಸಿರು ಹೋಯಿತು, ಅವೆರಡರ ನಡುವಿನ ಗೆರೆಯೂ ಹೋಯಿತು. ತುದಿಯಿಂದ ತುದಿಯವರೆಗೆ ಒಂದೇ ಬೂದುಬಣ್ಣ ಹರಡಿತು. ಆ ಬೂದಿಯ ಮೇಲೆ ಒಂದು ಮುಖ, ಎರಡು ಮುಂಗೈ, ಎರಡು ಪಾದ ತೇಲುತ್ತಿದ್ದವು. ನಡುವೆ ಯಾರೂ ಇರಲಿಲ್ಲ. ನಾಗರತ್ನಾ ಅದನ್ನು ನೋಡುತ್ತ ಕುಳಿತಳು. ಕಳೆದ ಏಳು ವಾರಗಳ ತನ್ನ ಸ್ಥಿತಿಯನ್ನು ಯಾರಾದರೂ ಕೇಳಿದ್ದರೆ ತೋರಿಸಬಹುದಾಗಿದ್ದ ಚಿತ್ರ ಇದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಬಂದಂತೆಯೇ ಹೋಯಿತು.

ದೇವವ್ವ ಚಹಾ ತಂದಳು. ಮಗ ಎಲ್ಲವನ್ನೂ ಹೇಳಿಯೇ ಹೋಗಿದ್ದ. ಅವಳು ಲೋಟವನ್ನು ಮೇಜಿನ ಮೇಲಿಟ್ಟು ಮಾನಿಟರಿನತ್ತ ಬಗ್ಗಿದಳು, ಕಣ್ಣು ಕಿರಿದು ಮಾಡಿದಳು.

“ನೀ ಎಲ್ಲಿ ಅದೀ ಇದ್ರಾಗ?”

“ಇಲ್ಲೇ ಅದೇನ್ರಿ ಅತ್ತಿ. ಬಣ್ಣ ತಗದೇನಿ. ಅದಕ್ಕ ಕಾಣವಲ್ಲೆ.”

ನಾಗರತ್ನಾ ಬೆರಳಿನಿಂದ ಗಾಜಿನ ಮೇಲೆ ತೋರಿಸಿದಳು: ಇದು ಭುಜ, ಇದು ಬೆನ್ನು, ಇಲ್ಲಿಂದ ಇಲ್ಲಿಯವರೆಗೆ ಹೊಟ್ಟೆ. ದೇವವ್ವ ಬೆರಳು ಹೋದ ದಾರಿಯನ್ನು ಹಿಂಬಾಲಿಸಿದಳು. ಬೆರಳು ಹೊಟ್ಟೆಯ ಗೆರೆಯನ್ನು ಮುಗಿಸಿ ನಿಂತ ಮೇಲೆಯೂ ಅಲ್ಲಿಯೇ ನೋಡುತ್ತಿದ್ದಳು.

“ಅವತ್ತ ಕುಲ್ಸುಮಬಿ ಕೇಳಿದಾಗ,” ಎಂದು ತೊಡಗಿ, ಸೆರಗಿನಿಂದ ಮೇಜಿನ ಮೇಲೆ ಚೆಲ್ಲಿದ್ದ ಚಹಾದ ಹನಿಯನ್ನು ಒರೆಸಿದಳು. “ನಾ ಬ್ಯಾಡ ಅಂದೆ. ನಿನ್ನ ಕೇಳಬೇಕಾಗಿತ್ತು.”

ನಾಗರತ್ನಾ ಇರಲಿ ಬಿಡ್ರಿ ಎಂದಳು. ಅದು ಕ್ಷಮೆಯೋ, ಕೆಲಸಕ್ಕೆ ಅಡ್ಡಿಯಾಗುತ್ತಿದೆ ಎಂಬ ಸೂಚನೆಯೋ ಅವಳಿಗೇ ತಿಳಿಯಲಿಲ್ಲ. ದೇವವ್ವ ಹೊರಗೆ ಹೋಗಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಸ್ಟೂಲನ್ನು ಎಳೆದುಕೊಂಡು ಹಿಂದೆ ಕುಳಿತಳು.

ಅಂಚು ಇಲ್ಲವಾದ್ದರಿಂದ ಈಗ ಕಣ್ಣಿಗೆ ಓಡಿಹೋಗಲು ಎಲ್ಲಿಯೂ ಜಾಗವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೂದಿಯೊಳಗಿನಿಂದ ಮಡಿಕೆಗಳು ಒಂದೊಂದಾಗಿ ಮೇಲೆದ್ದವು. ಬಿಸಿಲು ಪಕ್ಕದಿಂದ ಬಿದ್ದಿದ್ದರಿಂದ ಪ್ರತಿ ಮಡಿಕೆಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು ಇತ್ತು. ಹೊಟ್ಟೆಯ ಭಾಗವನ್ನಷ್ಟೇ ದೊಡ್ಡದು ಮಾಡಿದಳು. ನೋಟುಬುಕ್ಕು ತೆರೆದು, ಏನು ಕಂಡರೆ ಏನೆಂದು ಅರ್ಥ ಎಂಬುದನ್ನು ನೋಡುವ ಮೊದಲೇ ಬರೆದಿಟ್ಟಳು. ಮಡಿಕೆ ಅಲುಗಿದಾಗ ಸೆರಗಿನ ತುದಿಯೂ ಅಲುಗಿದ್ದರೆ ಅದು ಗಾಳಿ. ಹಿಂದಿರುವ ಗೋಣಿಚೀಲಗಳೂ ಅಲುಗಿದ್ದರೆ ಅದು ಕ್ಯಾಮೆರಾ. ಅಲುಗಾಟ ನಿಧಾನವಾಗಿದ್ದು ಮತ್ತೆ ಮತ್ತೆ ಬರುತ್ತಿದ್ದರೆ ಅದು ತನ್ನದೇ ಉಸಿರು. ಇವು ಮೂರೂ ಅಲ್ಲದಿದ್ದರೂ ಒಂದು ಅನುಮಾನ ಉಳಿಯುತ್ತದೆ: ಕೈ. ಕೈ ಎತ್ತಿದಾಗ ಸೀರೆ ಜಗ್ಗುತ್ತದೆ, ಮಡಿಕೆ ಅಲುಗುತ್ತದೆ. ಕೈ ಮೊದಲು ಎದ್ದು ಮಡಿಕೆ ಆಮೇಲೆ ಅಲುಗಿದ್ದರೆ ಅದು ಬರಿ ಬಟ್ಟೆ. ಆಗ ಅಳಿಸಬೇಕು.

ಒಂದು ಗಂಟೆಗೆ ದೇವವ್ವ ಊಟಕ್ಕೆ ಕರೆಯಲಿಲ್ಲ. ಎರಡು ಗಂಟೆಗೂ ಕರೆಯಲಿಲ್ಲ. ನಾಗರತ್ನಾ ಒಂದು ಫ್ರೇಮು ಮುಂದೆ ಸರಿಸುವಳು, ಬರೆಯುವಳು, ಮತ್ತೊಂದು ಸರಿಸುವಳು. ಉಸಿರಿನ ಏರಿಳಿತ ಮೊದಲು ಸಿಕ್ಕಿತು. ಎದೆಯ ಕೆಳಗಿನ ಮಡಿಕೆ ಒಂದೇ ಲಯದಲ್ಲಿ ಮೇಲೇರಿ ಇಳಿಯುತ್ತಿತ್ತು. ಅದನ್ನು ಲೆಕ್ಕದಿಂದ ಬಿಟ್ಟಳು. ಸೆರಗಿನ ತುದಿ ಮೂರು ಕಡೆ ಅಲುಗಿತ್ತು. ಆ ಫ್ರೇಮುಗಳಿಗೆ ಅಡ್ಡಗೆರೆ ಎಳೆದಳು. ಇನ್ನೂರರಲ್ಲಿ ನೂರಾ ಹದಿನೆಂಟು ಉಳಿದವು. ಒಮ್ಮೆ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿನಿಂದ ಬಂದಳು. ಎರಡನೆಯ ಸಲ, ಎಡಪಕ್ಕೆಯ ಕೆಳಗೆ, ಹೊಕ್ಕುಳಿನ ಮಟ್ಟಕ್ಕೆ ಇದ್ದ ಒಂದು ಮಡಿಕೆಯ ನೆರಳು ಒಂದೆಡೆ ತೆಳುವಾದದ್ದನ್ನು ಕಂಡಳು. ಅಲ್ಲಿ ನಿಲ್ಲಿಸಿದಳು. ಹಿಂದಕ್ಕೆ ಸರಿಸಿದಳು, ಮುಂದಕ್ಕೆ ಸರಿಸಿದಳು. ಚಿತ್ರದೊಳಗಿನ ಬಲಗೈಯ ಮೇಲೆ ಗುರುತಿಟ್ಟು ಅದೇ ಫ್ರೇಮುಗಳನ್ನು ಮತ್ತೆ ನೋಡಿದಳು. ಮೂರನೆಯ ಸಲವೂ ಅದೇ ಅಂಕಿಗಳು ಬಂದವು.

ನಾಲ್ಕೂವರೆಗೆ ಹನುಮೇಶ ಬಂದ. ಕ್ಯಾಮೆರಾದ ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲಿಯೇ ನಿಂತ. ಮಾನಿಟರಿನ ಮೇಲಿನ ಬೂದುಬಣ್ಣವನ್ನು ನೋಡಿದ, ಸ್ಟೂಲಿನ ಮೇಲಿದ್ದ ತಾಯಿಯನ್ನು ನೋಡಿದ. ದೇವವ್ವ ತನಗೇನೂ ತಿಳಿಯದೆಂಬಂತೆ ತಲೆಯಾಡಿಸಿ ಸೊಸೆಯತ್ತ ಕೈ ಮಾಡಿದಳು.

“ಏನ್ ಬಂತು?” ಎಂದು ಹನುಮೇಶ ಕೇಳಿದ.

ನಾಗರತ್ನಾ ನೋಟುಬುಕ್ಕನ್ನು ಅವನತ್ತ ತಿರುಗಿಸಿದಳು. ಅದರಲ್ಲಿ ಹೀಗೆ ಬರೆದಿತ್ತು:

ಎಡಪಕ್ಕೆಯ ಕೆಳಗಿನ ಮಡಿಕೆ ೪೩೧ನೆಯ ಫ್ರೇಮಿನಲ್ಲಿ ಹೊರಕ್ಕೆ ಉಬ್ಬತೊಡಗಿ ೪೫೦ನೆಯದರಲ್ಲಿ ಮೊದಲಿನ ಸ್ಥಿತಿಗೆ ಮರಳಿದೆ. ಈ ಇಪ್ಪತ್ತು ಫ್ರೇಮುಗಳಲ್ಲಿ ಸೆರಗಿನ ತುದಿ ಅಲುಗಿಲ್ಲ. ಗೋಣಿಚೀಲಗಳು ಅಲುಗಿಲ್ಲ. ಚಲನೆ ಒಂದೇ ಸಲ ಆಗಿದೆ, ಮರುಕಳಿಸಿಲ್ಲ. ಕೈ ಎದ್ದದ್ದು ೪೪೧ನೆಯ ಫ್ರೇಮಿನಲ್ಲಿ.